ಶಿಶುಗೃಹದಲ್ಲಿ ಮಗುವಿನ ಹಗಲು ನಿದ್ದೆ

ಬಾಣಂತನಕ್ಕೆಂದು ಶಿವಮೊಗ್ಗದಿಂದ ಬಂದಿದ್ದ ಅಜ್ಜಿ ಊರಿಗೆ ಹೊರಟು ನಿಂತಿದ್ದಾರೆ. ಹೆರಿಗೆಗೆ ಎರಡು ವಾರ ಮುಂಚೆಯೇ ರಜೆ ಹಾಕಿದ್ದ ತಾಯಿಯ 26 ವಾರಗಳು ಮುಗಿದಿವೆ. ಮಗುವಿಗೆ ಈಗ ಐದೂವರೆ ತಿಂಗಳು. ಬೆಂಗಳೂರಿನ ಜಯನಗರದಲ್ಲಿಯೋ ವಿಜಯನಗರದಲ್ಲಿಯೋ ಇಂಥ ಮನೆಗಳು ಬೇಕಾದಷ್ಟು ಉಂಟು. ಸೋಮವಾರ ಬೆಳಿಗ್ಗೆ ಹಾಲಿನ ಬಾಟಲಿ, ನಾಲ್ಕು ಡಯಾಪರು, ಎರಡು ಜೊತೆ ಅಂಗಿ, ಒಂದು ದುಪ್ಪಟಿ ಇವಿಷ್ಟನ್ನೂ ಚೀಲಕ್ಕೆ ತುಂಬಿ, ಮಗುವನ್ನು ಎತ್ತಿಕೊಂಡು ತಾಯಿ ಆಟೋ ಹತ್ತುತ್ತಾಳೆ. "ಎಣ್ಣೆ ನೀರು ಹಾಕಿ ತೊಟ್ಟಿಲಲ್ಲಿ ಮಲಗಿಸಿದರೆ ಎರಡು ಗಂಟೆ ಅಲ್ಲಾಡೋಲ್ಲ ಅಂತ ಅವರಿಗೆ ಹೇಳಮ್ಮ" ಎಂದು ಅಜ್ಜಿ ಬಾಗಿಲಲ್ಲಿ ನಿಂತು ಹೇಳುತ್ತಾರೆ.

ಸಂಜೆ ಆರೂವರೆಗೆ ಶಿಶುಗೃಹದ ಬಾಗಿಲಲ್ಲಿ ತಾಯಿ ಕೇಳುವ ಮೊದಲ ಪ್ರಶ್ನೆ ಹಾಲಿನದು, ಎರಡನೆಯದು ನಿದ್ದೆಯದು. ಆಯಾ ಹೇಳುವ ಉತ್ತರವೂ ಹೆಚ್ಚು ಕಡಮೆ ಎಲ್ಲ ಕಡೆಯೂ ಒಂದೇ. "ಮಲಗಲೇ ಇಲ್ಲ ಅಕ್ಕ. ತೋಳಲ್ಲಿ ಇರೋವರೆಗೂ ಕಣ್ಣು ಮುಚ್ಚಿರ್ತಾನೆ. ಹಾಸಿಗೆಗೆ ಹಾಕಿದ ತಕ್ಷಣ ಬಿಟ್ಟುಬಿಡ್ತಾನೆ. ತೊಟ್ಟಿಲು ತೂಗಿ ರೂಢಿ ಮಾಡಿದ್ದೀರಿ. ಇಲ್ಲಿ ಇನ್ನೂ ಒಂಬತ್ತು ಮಕ್ಕಳಿದ್ದಾರೆ, ನನಗಿರೋದು ಎರಡೇ ಕೈ."

ಆಯಾ ಹೇಳಿದುದರಲ್ಲಿ ಸುಳ್ಳೇನೂ ಇಲ್ಲ. ಅಜ್ಜಿ ಹೇಳಿದುದರಲ್ಲಿಯೂ ಇಲ್ಲ. ಆದರೂ ಆ ವಾರವೆಲ್ಲ ಮಗು ಸರಿಯಾಗಿ ಮಲಗುವುದಿಲ್ಲ. ರಾತ್ರಿ ಹನ್ನೊಂದರವರೆಗೆ ರಚ್ಚೆ ಹಿಡಿಯುತ್ತದೆ. ಕೆಲಸಕ್ಕೆ ಮರಳಿದ್ದೇ ತಪ್ಪಾಯಿತೇನೋ ಎಂಬ ಕೊರಗು ತಾಯಿಯನ್ನು ಹಿಡಿಯುತ್ತದೆ. ಇಷ್ಟು ದೂರ ಹೋಗುವ ಮೊದಲು, ಮಗು ಮನೆಯಲ್ಲಿ ಮಲಗುತ್ತಿದ್ದುದಾದರೂ ಹೇಗೆ ಎಂಬುದನ್ನು ಸಾವಧಾನವಾಗಿ ನೋಡುವುದು ಒಳ್ಳೆಯದು.

ಬೆಳಿಗ್ಗೆ ಮೈಗೆ ಎಣ್ಣೆ ನೀವುವುದು, ಕಾಲಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ಯುವುದು, ಮೈಯೊರಸಿ ಸಾಂಬ್ರಾಣಿಯ ಹೊಗೆ ತೋರಿಸುವುದು, ಮೆತ್ತನೆಯ ಹಳೆಯ ಬಟ್ಟೆಯಲ್ಲಿ ಸುತ್ತಿ ಹಾಲು ಕುಡಿಸುವುದು, ಬಳಿಕ ತೊಟ್ಟಿಲು, ಜೋಗುಳ. ಇವುಗಳಲ್ಲಿ ಒಂದೆರಡನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಎಳೆಯ ಶ್ವಾಸಕೋಶಕ್ಕೆ ಹೊಗೆ ಹಿತವಲ್ಲವೆಂದು ಅವರು ಹೇಳುವುದು ನ್ಯಾಯವೇ ಆಗಿದೆ. ಆದರೆ ಅಜ್ಜಿಯ ಕ್ರಮದ ಗುಟ್ಟು ಹೊಗೆಯಲ್ಲಿಯೂ ಇರಲಿಲ್ಲ, ಎಣ್ಣೆಯಲ್ಲಿಯೂ ಇರಲಿಲ್ಲ. ದಿನವೂ ಅದೇ ಕೈ, ಅದೇ ಸರದಿ, ಅದೇ ದನಿ. ಎಣ್ಣೆಯ ಬಟ್ಟಲು ಸದ್ದಾದಾಗಲೇ ಮುಂದೇನು ಬರುವುದೆಂಬುದು ಮಗುವಿಗೆ ತಿಳಿದಿರುತ್ತಿತ್ತು. ಗಡಿಯಾರ ಓದಲಾರದ ಜೀವಕ್ಕೆ ಈ ಸರದಿಯೇ ಗಡಿಯಾರ. ಶಿಶುಗೃಹಕ್ಕೆ ಬಂದ ದಿನ ಇವೆಲ್ಲವೂ ಒಟ್ಟಿಗೆ ಕಳೆದುಹೋಗುತ್ತವೆ. ತೂಗಾಡದ ಹಾಸಿಗೆ, ಟ್ಯೂಬ್ ಲೈಟಿನ ಬೆಳಕು, ಬೇರೆ ಮಕ್ಕಳ ಅಳು, ಬೇರೆ ಸೋಪಿನ ವಾಸನೆ. ಮಗು ಕಣ್ಣು ಬಿಟ್ಟುಕೊಂಡು ಕಾದರೆ ಅದರಲ್ಲಿ ಹಟಮಾರಿತನವೇನಿದೆ?

ಇಂಥ ಸರದಿಯೊಂದನ್ನು ಶಿಶುಗೃಹದಲ್ಲಿಯೂ ಕಟ್ಟಬಹುದು. ಅಜ್ಜಿಯ ಸರದಿಯೇ ಆಗಬೇಕಾಗಿಲ್ಲ. ಡಯಾಪರು ಬದಲಿಸುವುದು, ಹಾಲು ಕುಡಿಸುವುದು, ಪರದೆ ಸ್ವಲ್ಪ ಎಳೆಯುವುದು, ಮನೆಯಲ್ಲಿ ಹೇಳುತ್ತಿದ್ದ ಅದೇ ಜೋಗುಳದ ನಾಲ್ಕು ಸಾಲು, ಇಷ್ಟೇ ಸಾಕು. ಆಯಾಗೆ ಆ ಹಾಡು ಬಾರದಿದ್ದರೆ ತಾಯಿ ಹೇಳಿಕೊಡಬೇಕು, ನಾಚಿಕೆಪಡುವ ಕಾರಣವಿಲ್ಲ. ರಾಗ ತಪ್ಪಿದರೆ ದೂರುವ ಶ್ರೋತೃವಲ್ಲ ಅದು.

ಇನ್ನು ಹೊತ್ತಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 4ರಿಂದ 11 ತಿಂಗಳ ಶಿಶುವಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷದ ಮಗುವಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಹನ್ನೆರಡಕ್ಕೂ ಹದಿನಾರಕ್ಕೂ ನಡುವೆ ಇರುವ ನಾಲ್ಕು ಗಂಟೆಗಳ ಅಂತರವನ್ನು ಗಮನಿಸಬೇಕು. ಪಕ್ಕದ ಮನೆಯ ಮಗುವಿಗಿಂತ ತಮ್ಮ ಮಗು ಕಡಮೆ ಮಲಗುವುದೆಂದು ಹೆದರುವ ತಾಯಂದಿರಿಗೆ ಅದರಲ್ಲಿ ಸಮಾಧಾನವುಂಟು. ಆರು ತಿಂಗಳ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳು ಹಗಲಿನಲ್ಲಿ ಎರಡು ಮೂರು ಬಾರಿ ಮಲಗುತ್ತವೆ. ಒಂಬತ್ತು ಹತ್ತು ತಿಂಗಳಿಗೆ ಅದು ಎರಡಕ್ಕೆ ಇಳಿಯುತ್ತದೆ. ಒಂದೂವರೆ ವರ್ಷದ ಸುಮಾರಿಗೆ ಮಧ್ಯಾಹ್ನದ ಒಂದೇ ನಿದ್ದೆ ಉಳಿಯುತ್ತದೆ.

ಆದುದರಿಂದ ಗೋಡೆಯ ಮೇಲೆ "ವಿಶ್ರಾಂತಿ: 12-30ರಿಂದ 2-30" ಎಂದು ಬರೆದು ತೂಗುಹಾಕಿರುವ ಹಲಗೆ ಎರಡು ವರ್ಷದ ಮಕ್ಕಳಿಗೆ ಸರಿಯೇ ಹೊರತು ಹಸುಗೂಸಿಗೆ ಸಲ್ಲದು. ಬೆಳಿಗ್ಗೆ ಆರಕ್ಕೆ ಎದ್ದ ಆರು ತಿಂಗಳ ಮಗು ಎಂಟು ಎಂಟೂವರೆಗೇ ದಣಿಯುತ್ತದೆ. ಅದನ್ನು ಹನ್ನೆರಡೂವರೆಯವರೆಗೆ ಗಿಲಕಿ ಆಡಿಸುತ್ತ ಎಚ್ಚರವಾಗಿಟ್ಟರೆ ಚೆನ್ನಾಗಿ ಮಲಗೀತೆಂದು ಭಾವಿಸುವುದು ದೊಡ್ಡವರ ಲೆಕ್ಕ. ದಣಿವು ಮೀರಿದ ಶಿಶು ಮಲಗುವುದಿಲ್ಲ, ಅಳುತ್ತದೆ. ಕಣ್ಣುಜ್ಜಿಕೊಳ್ಳುವುದು, ಆಟಿಕೆಯಿಂದ ಮುಖ ತಿರುಗಿಸುವುದು, ಇದ್ದಕ್ಕಿದ್ದಂತೆ ಮೌನವಾಗಿ ಶೂನ್ಯವನ್ನು ನೋಡುವುದು ಇವು ಮೊದಲ ಸೂಚನೆಗಳು. ಅಳು ಬರುವ ಹೊತ್ತಿಗೆ ಹಿತವಾದ ವೇಳೆ ಕಳೆದುಹೋಗಿರುತ್ತದೆ.

ಇಲ್ಲಿಯೇ ಬೆಂಗಳೂರಿನ ರಸ್ತೆಗಳೂ ತಮ್ಮ ಪಾಲನ್ನು ಸಲ್ಲಿಸುತ್ತವೆ. ಎಂಟೂಕಾಲಿಗೆ ಆಟೋ ಹತ್ತಿದ ಮಗು ಸಿಗ್ನಲಿನಲ್ಲಿ ನಿಂತ ಗಾಡಿಯ ಗುರುಗುಟ್ಟುವಿಕೆಗೆ ತಾಯಿಯ ಹೆಗಲಮೇಲೆ ಕಾಲು ಗಂಟೆ ತೂಕಡಿಸುತ್ತದೆ. ಶಿಶುಗೃಹದ ಬಾಗಿಲಲ್ಲಿ ಕೈ ಬದಲಾಗುವಾಗ ಎಚ್ಚೆತ್ತುಕೊಳ್ಳುತ್ತದೆ. ಒಂಬತ್ತಕ್ಕೆ ಆಯಾ ಮಲಗಿಸಲು ಹೋದರೆ ಆ ತೂಕಡಿಕೆ ಅಡ್ಡ ಬರುತ್ತದೆ, ಹತ್ತಕ್ಕೆ ಅಳುತ್ತದೆ, ಆಯಾಗೆ ಕಾರಣ ತಿಳಿಯದು. "ದಾರಿಯಲ್ಲಿ ಸ್ವಲ್ಪ ಮಲಗಿದ" ಎಂಬ ನಾಲ್ಕು ಮಾತನ್ನು ಬಾಗಿಲಲ್ಲಿ ಹೇಳಿಹೋಗಿದ್ದರೆ ಆಯಾ ಹತ್ತರವರೆಗೆ ಕಾದು ಮಲಗಿಸುತ್ತಿದ್ದಳು. ರಾತ್ರಿ ಹೇಗೆ ಕಳೆಯಿತು, ಎಷ್ಟು ಗಂಟೆಗೆ ಎದ್ದ, ಹಲ್ಲು ಬರುವ ಸೂಚನೆ ಇದೆಯೇ ಎಂಬುದೂ ಹಾಗೆಯೇ. ಮಗುವಿನ ಜಾತಕದಷ್ಟು ವಿವರವಾಗಿ ಶುಲ್ಕದ ಕಾಗದಗಳನ್ನು ತುಂಬುವ ತಂದೆಯರು ಈ ಒಂದು ವಾಕ್ಯವನ್ನು ಮರೆಯುತ್ತಾರೆ.

ಮತ್ತೊಂದು ದೂರು: "ಮುಕ್ಕಾಲು ಗಂಟೆಗೇ ಎದ್ದುಬಿಡ್ತಾನೆ." ಇದಕ್ಕೂ ಕಾರಣ ಉಂಟು. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್ಮನ್ ಎಂಬ ವಿಜ್ಞಾನಿಗಳು 1953ರಲ್ಲಿ ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೆ ಚಲಿಸುವ ನಿದ್ದೆಯ ಘಟ್ಟವೊಂದನ್ನು ಲೋಕಕ್ಕೆ ತಿಳಿಸಿದರು. ಆ ಶೋಧಕ್ಕೆ ದಾರಿಯಾದುದು ಮಲಗಿದ ಶಿಶುಗಳ ರೆಪ್ಪೆಗಳನ್ನು ಗಂಟೆಗಟ್ಟಲೆ ಕುಳಿತು ನೋಡಿದ ಕೆಲಸ. ದೊಡ್ಡವರ ನಿದ್ದೆ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಸುತ್ತು ಹಾಕಿದರೆ ಶಿಶುವಿನದು ಐವತ್ತು ಅರುವತ್ತು ನಿಮಿಷಕ್ಕೇ ಒಂದು ಸುತ್ತು ಮುಗಿಸುತ್ತದೆ. ಸುತ್ತಿನ ಕೊನೆಯಲ್ಲಿ ಮಗು ನರಳುತ್ತದೆ, ಕೈಕಾಲು ಆಡಿಸುತ್ತದೆ, ಒಮ್ಮೊಮ್ಮೆ ಕಣ್ಣನ್ನೂ ಬಿಡುತ್ತದೆ. ಆ ಕ್ಷಣವೇ ಎತ್ತಿಕೊಂಡರೆ ಎಚ್ಚರವಾಯಿತು. ಒಂದೆರಡು ನಿಮಿಷ ಪಕ್ಕದಲ್ಲಿ ಸುಮ್ಮನಿದ್ದು, ಬೇಕಾದರೆ ಎದೆಯ ಮೇಲೆ ಅಂಗೈಯಿಟ್ಟರೆ, ಎರಡನೆಯ ಸುತ್ತಿಗೆ ತಾನೇ ಜಾರುವುದೂ ಉಂಟು. ಬೇರೆ ಮಕ್ಕಳು ಎದ್ದಾವೆಂಬ ಭಯದಿಂದ ಆಯಾ ಓಡಿಬಂದು ಎತ್ತಿಕೊಳ್ಳುವುದು ಸಹಜವೇ. ಆದರೆ ಎತ್ತಬೇಕಾದುದು ಅಳುವನ್ನು ಕೇಳಿ, ನರಳುವುದನ್ನು ಕೇಳಿ ಅಲ್ಲ.

ತೋಳಿನಿಂದ ಹಾಸಿಗೆಗೆ ಇಳಿಸುವ ಕಷ್ಟಕ್ಕೆ ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದ್ದಾರೆ. ಇಪ್ಪತ್ತೊಂದು ಶಿಶುಗಳ ಹೃದಯದ ಬಡಿತವನ್ನು ಅಳೆದು ನೋಡಿದ ಅವರಿಗೆ ಕಂಡುದೇನೆಂದರೆ, ಅಳುವ ಮಗುವನ್ನು ಎತ್ತಿಕೊಂಡು ನಿಲ್ಲದೆ ಐದು ನಿಮಿಷ ನಡೆದಾಡಿದರೆ ಅದು ಶಾಂತವಾಗುತ್ತದೆ, ಅನೇಕ ವೇಳೆ ನಿದ್ದೆಯನ್ನೂ ಹೋಗುತ್ತದೆ. ನಿದ್ದೆ ಬಂದೊಡನೆ ಮಲಗಿಸಕೂಡದು. ಎತ್ತಿಕೊಂಡೇ ಇನ್ನೂ ಐದರಿಂದ ಎಂಟು ನಿಮಿಷ ಕುಳಿತಿದ್ದು ಆಮೇಲೆ ಇಳಿಸಬೇಕು. ಎತ್ತಿಕೊಂಡವರ ಮೈಯಿಂದ ಬೇರ್ಪಡಲು ಆರಂಭಿಸಿದ ಗಳಿಗೆಯಲ್ಲಿಯೇ ಮಗುವಿನ ಹೃದಯ ಬಡಿತ ಏರುತ್ತದೆಯಂತೆ. "ಹಾಸಿಗೆಗೆ ಹಾಕಿದ ತಕ್ಷಣ ಕಣ್ಣು ಬಿಡ್ತಾನೆ" ಎಂದ ಆಯಾ ಯಂತ್ರವಿಲ್ಲದೆಯೇ ಅದನ್ನು ಕಂಡಿದ್ದಳು.

ಆದರೆ ಹದಿಮೂರು ನಿಮಿಷ ಒಂದು ಮಗುವಿಗೇ ಮೀಸಲಿಡಲು ಆಯಾಗೆ ಬಿಡುವೆಲ್ಲಿದೆ? ಮಕ್ಕಳು ಮಲಗಿದ ಆ ಎರಡು ಗಂಟೆಯಲ್ಲಿಯೇ ಅವಳು ಬಾಟಲಿ ಕುದಿಸಬೇಕು, ಬಟ್ಟೆ ಒಣಹಾಕಬೇಕು, ತಾನೂ ಎರಡು ತುತ್ತು ಉಣ್ಣಬೇಕು. ಎಲ್ಲರನ್ನೂ ಒಂದೇ ಹೊತ್ತಿಗೆ ಮಲಗಿಸುವ ಆಸೆ ಅವಳದು ಸೋಮಾರಿತನವಲ್ಲ. ಶಿಶುಗೃಹವನ್ನು ಆರಿಸುವಾಗ ಗೋಡೆಯ ಮೇಲಿನ ಬಣ್ಣದ ಚಿತ್ರಗಳನ್ನೂ ಸಿ.ಸಿ. ಕ್ಯಾಮೆರಾಗಳನ್ನೂ ನೋಡಿ ಮೆಚ್ಚುವ ತಂದೆತಾಯಿಗಳು ಕೇಳಬೇಕಾದ ಪ್ರಶ್ನೆ, ಒಂದು ವರ್ಷದೊಳಗಿನ ಮಕ್ಕಳು ಎಷ್ಟು, ಅವರಿಗಾಗಿ ಕೈಗಳು ಎಷ್ಟು ಎಂಬುದು. ಮಕ್ಕಳು ಮಲಗಿರುವಾಗ ಆ ಕೋಣೆಯಲ್ಲಿ ಯಾರಿರುತ್ತಾರೆ ಎಂಬುದನ್ನೂ ಕೇಳಬೇಕು. ಸಾಧ್ಯವಾದರೆ ಮಧ್ಯಾಹ್ನ ಒಂದು ಗಂಟೆಗೇ ಹೋಗಿ ನೋಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಶಿಶುಗೃಹಗಳೂ ಚೆನ್ನಾಗಿಯೇ ಕಾಣುತ್ತವೆ.

ಏಕೆಂದರೆ ಮಲಗಿದ ಶಿಶುವಿಗೆ ಕಾವಲು ಬೇಡವೆಂಬ ಭಾವನೆ ತಪ್ಪು. ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲಿಯೇ ಹಠಾತ್ತನೆ ಉಸಿರು ನಿಲ್ಲಿಸುವ ದುರಂತ ವಿರಳವಾದರೂ ನಿಜ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಡಾ. ಸ್ಪಾಕ್ ಅವರ ಜನಪ್ರಿಯ ಪುಸ್ತಕವೂ ಸೇರಿದಂತೆ ಪಾಶ್ಚಾತ್ಯ ತಜ್ಞರು ಮಗುವನ್ನು ಬೋರಲು ಮಲಗಿಸಲು ಹೇಳುತ್ತಿದ್ದರು. ಅದು ಅಪಾಯಕರವೆಂದು ತಿಳಿದ ಮೇಲೆ ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ, ಮಗುವನ್ನು ಅಂಗಾತ ಮಲಗಿಸಿರೆಂಬ ದೊಡ್ಡ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಇಂಥ ಮರಣಗಳು ಅರ್ಧಕ್ಕೂ ಕೆಳಗಿಳಿದವು. ನಮ್ಮ ತೊಟ್ಟಿಲುಗಳಲ್ಲಿ ಮಕ್ಕಳು ಮೊದಲಿನಿಂದಲೂ ಅಂಗಾತವೇ ಮಲಗುತ್ತಿದ್ದುದು ಭಾಗ್ಯವೆನ್ನಬೇಕು.

ಶಿಶುಗೃಹಗಳ ವಿಷಯದಲ್ಲಿ ಮನಸ್ಸಿಗೆ ನಾಟಬೇಕಾದ ಸಂಗತಿ ಬೇರೊಂದಿದೆ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೀಗೆ ತೀರಿಕೊಂಡ ಶಿಶುಗಳಲ್ಲಿ ಸುಮಾರು ಐದರಲ್ಲೊಂದು ತಂದೆತಾಯಿಯರಲ್ಲದ ಪಾಲಕರ ವಶದಲ್ಲಿದ್ದಾಗ ತೀರಿಕೊಂಡಿತ್ತು. ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸತ್ತದ್ದು ಹೊಸ ಜಾಗಕ್ಕೆ ಬಂದ ಮೊದಲ ವಾರದಲ್ಲಿಯೇ. ಮನೆಯಲ್ಲಿ ಅಂಗಾತ ಮಲಗಿ ರೂಢಿಯಾದ ಮಗುವನ್ನು ಪಾಲಕರು, ಬೇಗ ನಿದ್ದೆ ಬರಲೆಂದು, ಬೋರಲು ಹಾಕಿದ್ದುದು ಅನೇಕ ಪ್ರಸಂಗಗಳಲ್ಲಿ ಕಂಡುಬಂದಿತು. ಯಾರದೂ ಕೆಟ್ಟ ಮನಸ್ಸಲ್ಲ. ಒಂದು ಕಡೆಯ ರೂಢಿಯನ್ನು ಇನ್ನೊಂದು ಕಡೆಯವರು ಕೇಳಿ ತಿಳಿಯಲಿಲ್ಲ, ಅಷ್ಟೆ.

ಆದುದರಿಂದ ಒಂದು ವರ್ಷದೊಳಗಿನ ಮಗುವನ್ನು ಪ್ರತಿ ಬಾರಿಯೂ, ಹಗಲಿನ ಅರ್ಧ ಗಂಟೆಯ ನಿದ್ದೆಗೂ, ಗಟ್ಟಿಯಾದ ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತವೇ ಮಲಗಿಸಬೇಕು. ತಾನಾಗಿ ಎರಡೂ ಕಡೆಗೆ ಹೊರಳಬಲ್ಲ ಮಗು ನಿದ್ದೆಯಲ್ಲಿ ಮಗುಚಿಕೊಂಡರೆ ಹಾಗೆಯೇ ಬಿಡಬಹುದು. ಹೊರಳಲು ಆರಂಭಿಸಿದ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಕೂಡದು. ತಲೆ ದುಂಡಗಾಗಲೆಂದು ಮನೆಯಿಂದ ಪ್ರೀತಿಯಿಂದ ಹೊಲಿದು ಕಳಿಸುವ ಸಾಸಿವೆಯ ದಿಂಬನ್ನು ಮನೆಯಲ್ಲಿಯೇ ಇಡುವುದು ಲೇಸು. ದಿಂಬು, ದಪ್ಪ ಕೌದಿ, ಬೊಂಬೆ ಯಾವುದೂ ಮಗುವಿನ ಮುಖದ ಬಳಿ ಇರಬಾರದು. ತಾಯಿಯ ಹಳೆಯ ಸೀರೆಯ ತುಂಡು ಹಾಲು ಕುಡಿಸುವಾಗ ಮಗುವಿನ ಕೈಯಲ್ಲಿರಲಿ. ಮಲಗಿಸಿದ ಮೇಲೆ ತೆಗೆದಿಡಬೇಕು. ಕೋಣೆಯನ್ನು ಸಿನಿಮಾ ಮಂದಿರದಂತೆ ಕತ್ತಲೆ ಮಾಡುವುದೂ ಬೇಡ. ತುಟಿಯ ಬಣ್ಣ ಕಾಣುವಷ್ಟು, ಎದೆ ಏರಿಳಿಯುವುದು ತಿಳಿಯುವಷ್ಟು ಬೆಳಕು ಬೇಕು.

ಸೀರೆಯ ಜೋಲಿಯ ಬಗ್ಗೆ ಅಜ್ಜಿಯರಿಗೆ ಬೇಸರವಾದೀತು. ಬಟ್ಟೆ ಜೋತಾಗ ಮಗುವಿನ ಬೆನ್ನು ಬಾಗಿ, ಗದ್ದ ಎದೆಗೆ ತಾಕಿ, ಉಸಿರಿನ ದಾರಿ ಇಕ್ಕಟ್ಟಾಗಬಹುದು. ಮನೆಯಲ್ಲಿ ಜೋಲಿಯ ಹಗ್ಗ ಅಜ್ಜಿಯ ಕೈಯಲ್ಲಿತ್ತು, ಕಣ್ಣು ಮಗುವಿನ ಮೇಲಿತ್ತು. ಹತ್ತು ಮಕ್ಕಳ ನಡುವೆ ಆ ಕೈಯೂ ಇಲ್ಲ, ಆ ಕಣ್ಣೂ ಇಲ್ಲ. ಜೋಲಿ ಮಾತ್ರ ಇರುತ್ತದೆ. ಆದುದರಿಂದ ಶಿಶುಗೃಹಕ್ಕೆ ಸೇರಿಸುವುದಕ್ಕೆ ಎರಡು ಮೂರು ವಾರ ಮೊದಲೇ, ದಿನಕ್ಕೆ ಒಂದು ನಿದ್ದೆಯನ್ನಾದರೂ ನೆಲದ ಹಾಸಿಗೆಯ ಮೇಲೆ ರೂಢಿಸುವುದು ಕ್ಷೇಮ. ಸ್ನಾನದ ನಂತರದ ನಿದ್ದೆಯೇ ಇದಕ್ಕೆ ಯೋಗ್ಯ. ಮಗು ಅದನ್ನು ಅಷ್ಟಾಗಿ ಪ್ರತಿಭಟಿಸುವುದಿಲ್ಲ.

ದುಡಿಯುವ ತಾಯಿಯ ಮಗುವನ್ನು ಮಲಗಿಸುವ ಸಮಸ್ಯೆ ಇಂದಿನದಲ್ಲ. 1920ರ ದಶಕದ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಬೆಳಿಗ್ಗೆ ಹೊರಡುವಾಗ ಕೂಸಿಗೆ 'ಬಾಲಗೋಲಿ' ಎಂಬ ಅಫೀಮಿನ ಗುಳಿಗೆಯನ್ನು ಕೊಟ್ಟು ಹೋಗುತ್ತಿದ್ದರೆಂದು ಅಂದಿನ ವೈದ್ಯರು ವರದಿ ಮಾಡಿದ್ದಾರೆ. ನೋಡಿಕೊಳ್ಳುವವರಿಲ್ಲದ ಕೋಣೆಯಲ್ಲಿ ಮಗು ಮಲಗಿದ್ದರೆ ಸಾಕಾಗಿತ್ತು. ಆ ತಾಯಂದಿರನ್ನು ದೂಷಿಸುವುದು ಸುಲಭ. ಗಿರಣಿಯ ಬಳಿ ಮಗುವಿಗೊಂದು ಕೋಣೆ, ಒಬ್ಬ ಆಯಾ ಇದ್ದಿದ್ದರೆ ಗುಳಿಗೆ ಬೇಕಾಗುತ್ತಿರಲಿಲ್ಲ. 1969ರಲ್ಲಿ ದೆಹಲಿಯ ರಾಜಘಾಟಿನ ಬಳಿ, ಗಾಂಧಿ ಶತಮಾನೋತ್ಸವಕ್ಕಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿ ಹೆಂಗಸರ ಕೂಸುಗಳು ಬಿಸಿಲುಧೂಳಿನಲ್ಲಿ ಮಲಗಿದ್ದುದನ್ನು ಕಂಡು ಮೀರಾ ಮಹಾದೇವನ್ ಅವರು ಅಲ್ಲಿಯೇ ಒಂದು ಡೇರೆಯಲ್ಲಿ ಶಿಶುಗೃಹವನ್ನು ತೆರೆದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹಾಗೆ.

ಅಫೀಮು ಹೋಯಿತು, ಅದರ ಆಸೆ ಪೂರ್ತಿ ಹೋಗಿಲ್ಲ. ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವ ಮನೆಗಳಿವೆ. "ಸ್ವಲ್ಪ ನೆಗಡಿ ಇತ್ತು" ಎಂಬ ನೆಪದಿಂದ ತೂಕಡಿಕೆ ತರುವ ಸಿರಪ್ಪನ್ನು ಕುಡಿಸುವವರೂ ಇದ್ದಾರೆ. ನೆಗಡಿಗೆಂದು ಮಾರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಕೂಡಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದರು. ವೈದ್ಯರ ಚೀಟಿಯಿಲ್ಲದೆ, ತಂದೆತಾಯಿಗೆ ತಿಳಿಯದೆ, ಶಿಶುಗೃಹದಲ್ಲಿ ಒಂದು ಹನಿ ಔಷಧವೂ ಮಗುವಿನ ಬಾಯಿಗೆ ಬೀಳಬಾರದು. ಇದರಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ.

ಕಚೇರಿಯ ಆವರಣದಲ್ಲಿಯೋ ಅದರ ಸಮೀಪದಲ್ಲಿಯೋ ಶಿಶುಗೃಹವಿದ್ದರೆ ತಾಯಿಗೆ ಇನ್ನೊಂದು ಅನುಕೂಲವುಂಟು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಐವತ್ತು ಮತ್ತು ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಲ್ಲಿ ಶಿಶುಗೃಹ ಇರಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಮಾತುಗಳು ಸೇರಿವೆ. ಮೇಲಧಿಕಾರಿ ಮುಖ ಗಂಟಿಕ್ಕಿಯಾರೆಂದು ಈ ನಾಲ್ಕು ಭೇಟಿಗಳನ್ನು ಬಿಟ್ಟುಕೊಡುವ ತಾಯಂದಿರೇ ಹೆಚ್ಚೆಂದು ತೋರುತ್ತದೆ. ಹತ್ತು ಗಂಟೆಯ ನಿದ್ದೆಗೆ ಮುಂಚೆ ಒಮ್ಮೆ ಹೋಗಿ ಎದೆಹಾಲು ಕುಡಿಸಿ ಬಂದರೆ ಆಯಾಗೆ ಅರ್ಧ ಕೆಲಸ ತಪ್ಪುತ್ತದೆ, ಮಗುವಿಗೆ ಮನೆಯ ಸರದಿಯ ಒಂದು ಎಳೆಯಾದರೂ ಉಳಿಯುತ್ತದೆ.

ಕೊನೆಗೆ ಉಳಿಯುವುದು ಸಂಜೆಯ ತಕರಾರು. ಕೆಲವು ತಾಯಂದಿರು ಹೇಳುತ್ತಾರೆ: "ಮಧ್ಯಾಹ್ನ ಹೆಚ್ಚು ಮಲಗಿಸಬೇಡಿ, ರಾತ್ರಿ ಬೇಗ ಮಲಗಲಿ." ಇನ್ನು ಕೆಲವರು, "ಐದಕ್ಕೆ ಒಂದು ಸಲ ಮಲಗಿಸಿಬಿಡಿ, ನಾವು ಬಂದ ಮೇಲೆ ಸ್ವಲ್ಪ ಹೊತ್ತು ಆಡಲಿ" ಎನ್ನುತ್ತಾರೆ. ಮೊದಲನೆಯದರಿಂದ ಕೆಲಸ ಕೆಡುವುದೇ ಹೆಚ್ಚು. ಹಗಲು ಮಲಗದ ಶಿಶು ರಾತ್ರಿಯೂ ಕಿರಿಕಿರಿಪಡುತ್ತದೆ. ಎರಡನೆಯದನ್ನು ಕೇಳಿ ಗದರುವಂತಿಲ್ಲ. ಹತ್ತು ಗಂಟೆಗಳ ಕಾಲ ಮಗುವನ್ನು ಬಿಟ್ಟಿದ್ದವರಿಗೆ ಅದರ ನಗುವನ್ನು ಅರ್ಧ ಗಂಟೆಯಾದರೂ ಕಾಣುವ ಆಸೆ ಇರಲೇಬೇಕು. ಆರು ತಿಂಗಳ ಮಗುವಿಗೆ ನಾಲ್ಕೂವರೆಯ ಸುಮಾರಿಗೆ ಅರ್ಧ ಗಂಟೆಯ ಮೂರನೆಯ ನಿದ್ದೆ ಸಹಜವಾಗಿಯೇ ಬರುತ್ತದೆ. ಅದು ಐದೂವರೆ ಆರರವರೆಗೆ ಬೆಳೆಯದಂತೆ ನೋಡಿಕೊಂಡರೆ ಇಬ್ಬರಿಗೂ ನಡೆಯುತ್ತದೆ. ಒಂಬತ್ತು ತಿಂಗಳ ಮೇಲೆ ಆ ನಿದ್ದೆ ತಾನೇ ಬಿಟ್ಟುಹೋಗುವಾಗ ಸಂಜೆ ಸ್ವಲ್ಪ ಬೇಗ ಕರೆದುಕೊಂಡು ಬರುವ ಏರ್ಪಾಡನ್ನು ತಂದೆಯೂ ಯೋಚಿಸಬಹುದು.

ಇವೆಲ್ಲವೂ ನಡೆಯುವುದು ನಾಲ್ವತ್ತು ರೂಪಾಯಿನ ಒಂದು ನೋಟುಪುಸ್ತಕದ ಮೂಲಕ. ಎಡಗಡೆಯ ಪುಟದಲ್ಲಿ ಬೆಳಿಗ್ಗೆ ಮನೆಯವರು ಬರೆಯುತ್ತಾರೆ: "5-50ಕ್ಕೆ ಎದ್ದ. ರಾತ್ರಿ ಎರಡು ಸಲ ಹಾಲು. ಆಟೋದಲ್ಲಿ ಹತ್ತು ನಿಮಿಷ ತೂಕಡಿಕೆ." ಬಲಗಡೆಯಲ್ಲಿ ಆಯಾ ಬರೆಯುತ್ತಾಳೆ, ಬರೆಯಲು ಬಾರದಿದ್ದರೆ ಮೇಲ್ವಿಚಾರಕಿಯಿಂದ ಬರೆಯಿಸುತ್ತಾಳೆ. ಆ ಜಯನಗರದ ಮನೆಯ ಪುಸ್ತಕದಲ್ಲಿ ಮೂರನೆಯ ವಾರದ ಗುರುವಾರದ ಬಲಪುಟ ಹೀಗಿರಬಹುದು: "9-40ರಿಂದ 10-50. ಮಧ್ಯೆ ನರಳಿದ, ಎತ್ತಲಿಲ್ಲ, ಮತ್ತೆ ಮಲಗಿದ. 1-15ರಿಂದ 2-30. ಅಜ್ಜಿ ಹಾಡಿನ ಎರಡನೇ ಸಾಲು ಮರೆತುಹೋಗಿದೆ ಅಕ್ಕ, ನಾಳೆ ಬರುವಾಗ ಬರೆದುಕೊಡಿ."